ಆರು ವಾರದ ಗಿಡ, ಆರು ವರ್ಷದ ಮರ

ಬೀಜದ ಅಡಿಕೆ ಬಿತ್ತಿ ಮೊದಲ ಗೊನೆ ಕಾಣಲು ಐದಾರು ವರ್ಷ ಬೇಕು. ಕಾಫಿಗೆ ಮೂರು ನಾಲ್ಕು ವರ್ಷ. ಎರಡು ಗಿಡಗಳನ್ನು ಸಂಕರ ಮಾಡಿ, ಬಂದ ಗುಣ ನಾಲ್ಕು ತಲೆಮಾರು ನಿಲ್ಲುವುದೇ ಎಂದು ನೋಡುವಷ್ಟರಲ್ಲಿ ತಳಿ ತಜ್ಞರ ತಲೆ ನರೆತಿರುತ್ತದೆ. ಅಷ್ಟರಲ್ಲಿ ರೋಗ ಸುಮ್ಮನಿರುವುದಿಲ್ಲ. ಬಾಳೆಹೊನ್ನೂರಿನಿಂದ 1940ರ ದಶಕದಲ್ಲಿ ಬಂದ ಎಸ್.795 ತಳಿಗೂ ಎಲೆತುಕ್ಕಿನ ಹೊಸ ಬಗೆಗಳು ಮುಂದೆ ತಗಲಿದ್ದನ್ನು ನಾವು ಬಲ್ಲೆವು.

ಈ ಕಷ್ಟ ನಮ್ಮದಷ್ಟೇ ಅಲ್ಲ. ಮೈಸೂರಿನ ಶ್ರೀರಾಂಪುರದ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಕೆಲಸ ಮಾಡುವ ಹಿಪ್ಪುನೇರಳೆಯೂ ಮರಜಾತಿಯೇ. ಆದರೆ ಅಲ್ಲೊಂದು ಅನುಕೂಲವಿದೆ. ಒಳ್ಳೆಯ ಗಿಡ ಸಿಕ್ಕಿದರೆ ಕಡ್ಡಿ ನೆಟ್ಟು ಅದನ್ನೇ ಹೆಚ್ಚಿಸಬಹುದು. ಅಲ್ಲಿ ರೂಪುಗೊಂಡ ವಿ-1 ತಳಿ ಹಾಗೆಯೇ ಊರೂರಿಗೆ ಹಬ್ಬಿತು. ಅಡಿಕೆ ತೋಟದವರಿಗೆ ಬೀಜವೇ ಗತಿ.

ಹೀಗೆ ಕಾಯುವುದು ತಪ್ಪಲೆಂದೇ ವಿಜ್ಞಾನಿಗಳು ಗಿಡಗಳ ಮೂಲ ಗುಟ್ಟನ್ನು ಅರಿಯಲು ಸಾಸಿವೆ ಕುಟುಂಬದ ಒಂದು ಕಳೆಯನ್ನು ಆರಿಸಿಕೊಂಡರು. ಹೆಸರು ಅರಾಬಿಡಾಪ್ಸಿಸ್. ಗೇಣುದ್ದದ ಗಿಡ; ಬಿತ್ತಿದ ಸುಮಾರು ಆರು ವಾರಗಳಲ್ಲಿ ಬೀಜ ಮಾಗುತ್ತದೆ, ಒಂದೇ ಗಿಡದಲ್ಲಿ ಸಾವಿರಾರು ಬೀಜ. ಅರೇಬಿಕಾ ಕಾಫಿಗೆ 22 ಜೊತೆ ವರ್ಣತಂತುಗಳಿದ್ದರೆ ಇದಕ್ಕೆ ಐದೇ ಜೊತೆ. ಪ್ರಯೋಗಕ್ಕೆ ಇದು ತಕ್ಕ ಗಿಡವೆಂದು ಜರ್ಮನಿಯ ಫ್ರೀಡ್ರಿಷ್ ಲೈಬಾಖ್ 1943ರಲ್ಲೇ ಸೂಚಿಸಿದ್ದರು. 2000ದಲ್ಲಿ ಇದರ ವಂಶವಾಹಿಗಳ ಪೂರ್ಣ ವಿವರ ಪ್ರಕಟವಾಯಿತು. ಸಸ್ಯಗಳಲ್ಲಿ ಇದೇ ಮೊದಲು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಪಾಲ್ ವಿಲಿಯಮ್ಸ್ ಅವರಂತೂ ಸಾಸಿವೆಯ ಹತ್ತಿರದ ಬಳಗದಲ್ಲೇ ಆಯ್ಕೆ ಮಾಡುತ್ತ ಹೋಗಿ, ಸುಮಾರು 40 ದಿನಗಳಲ್ಲಿ ಬೀಜದಿಂದ ಬೀಜಕ್ಕೆ ಬರುವ ತಳಿಯನ್ನು ಪಡೆದರು.

ಕಳೆಯಿಂದ ನಮಗೇನು ಲಾಭ? ಈ ಗಿಡಕ್ಕೆ ತಗಲುವ ಬೂಜುತುಪ್ಪಟದ ಜೀವಿ, ಅಡಿಕೆಗೆ ಕೊಳೆರೋಗ ತರುವ ಜೀವಿಯ ದೂರದ ನೆಂಟ. ರೋಗ ಬಿದ್ದ ಒಂದು ಎಲೆ ಉಳಿದ ಎಲೆಗಳಿಗೆ ಸುದ್ದಿ ಮುಟ್ಟಿಸಿ ಇಡೀ ಗಿಡವನ್ನು ಎಚ್ಚರಿಸುತ್ತದೆ. ಈ ಎಚ್ಚರಿಕೆಯನ್ನು ನಡೆಸುವ ಮುಖ್ಯ ವಂಶವಾಹಿ ಪತ್ತೆಯಾದದ್ದು 1990ರ ದಶಕದಲ್ಲಿ, ಇದೇ ಕಳೆಯಲ್ಲಿ. ಅದರ ಬಳಗ ಭತ್ತದಲ್ಲೂ ಇದೆ, ಕಾಫಿಯಲ್ಲೂ ಇದೆ. ಯಾವ ವಂಶವಾಹಿಯ ಕೆಲಸವೇನೆಂದು ತಿಳಿದರೆ ಹಣ್ಣು ಬರುವತನಕ ಕಾಯಬೇಕಾಗಿಲ್ಲ. ಸಸಿಮಡಿಯಲ್ಲೇ ಎಲೆಯ ಚೂರನ್ನು ಪರೀಕ್ಷಿಸಿ ಆರಿಸಬಹುದು. ತುಕ್ಕು ತಡೆಯುವ ಒಂದು ಗುಣವನ್ನು ಕಾಫಿಯಲ್ಲಿ ಹೀಗೆ ಗುರುತಿಸುವ ವಿಧಾನ ಈಗಾಗಲೇ ಬಂದಿದೆ.

ಆದರೆ ಗಾಜಿನ ಮನೆಯ ಕಳೆಗೆ ಮಲೆನಾಡಿನ ಮಳೆ ಗೊತ್ತಿಲ್ಲ. ಕೊನೆಯ ಪರೀಕ್ಷೆ ನಮ್ಮ ತೋಟದಲ್ಲೇ ಆಗಬೇಕು. ಸುತ್ತಲಿನ ಗಿಡಗಳಿಗೆ ತುಕ್ಕು ಬಂದರೂ ಹಸಿರಾಗಿ ಉಳಿದ ಗಿಡ ಕಂಡರೆ ಗುರುತು ಹಾಕಿ, ನಾಲ್ಕಾರು ವರ್ಷ ಗಮನಿಸಿ ಇಸವಿ ಸಹಿತ ಬರೆದಿಡಿ, ಸಂಶೋಧನಾ ಕೇಂದ್ರಕ್ಕೆ ತಿಳಿಸಿ. ಪ್ರಯೋಗಶಾಲೆಗೆ ಬೇಕಾದ ಗಿಡ ನಿಮ್ಮ ಬೇಲಿಯೊಳಗೇ ಇರಬಹುದು.