ಆಟದ ಅಂಗಳವನ್ನು ಹಿಗ್ಗಿಸಿದ ಕೈಸಾಧನ

ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆಯಿಂದ ನಾವು ಪರರ ಅಸಾಮರ್ಥ್ಯವನ್ನು ಹಾಸ್ಯ ಮಾಡುವುದುಂಟು. ಆದರೆ ಕೆಲವೊಮ್ಮೆ ನೆಲವೇ ಡೊಂಕಾಗಿರುತ್ತದೆಂಬುದಕ್ಕೆ ವಿಡಿಯೋ ಗೇಮ್ ಉದ್ಯಮದ ಚರಿತ್ರೆಯೇ ಸಾಕ್ಷಿ.

ಈ ಆಟಗಳನ್ನು ನಡೆಸುವ ಕೈಸಾಧನಕ್ಕೆ ಕಂಟ್ರೋಲರ್ ಎಂದು ಹೆಸರು. ಜಪಾನಿನ ನಿಂಟೆಂಡೊ ಸಂಸ್ಥೆ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದಲ್ಲಿ ದಿಕ್ಕು ತೋರಲು ಒಂದು ಗುಂಡಿ, ಆಡಲು ಎರಡು ಗುಂಡಿ ಇದ್ದರೆ ಬಹುಮಟ್ಟಿಗೆ ಸಾಕಾಗುತ್ತಿತ್ತು. 2000ದಲ್ಲಿ ಬಂದ ಸೋನಿಯ ಪ್ಲೇಸ್ಟೇಷನ್ 2ರ ಹೊತ್ತಿಗೆ ಕಂಟ್ರೋಲರಿನಲ್ಲಿ ಎರಡು ಕಡ್ಡಿಗಳೂ ಹತ್ತಾರು ಗುಂಡಿಗಳೂ ತುಂಬಿಕೊಂಡವು. ಪಳಗಿದ ಕೈಗೆ ಅದು ಸೊಗಸು, ಹೊಸಬರಿಗೆ ಒಗಟು. ಮಕ್ಕಳು ಆಡುತ್ತಿದ್ದರೆ ಹಿರಿಯರು ದೂರದಲ್ಲಿ ಕುಳಿತು ನೋಡುವಂತಾಯಿತು.

2002ರಲ್ಲಿ ನಿಂಟೆಂಡೊದ ಅಧ್ಯಕ್ಷರಾದ ಸತೋರು ಇವಾತಾ ಅವರು ಇರುವ ಆಟಗಾರರಿಗಾಗಿ ಪೈಪೋಟಿ ನಡೆಸುವುದಕ್ಕಿಂತ ಆಡುವವರ ಸಂಖ್ಯೆಯನ್ನೇ ಹೆಚ್ಚಿಸುವ ಧೋರಣೆಯನ್ನು ಕೈಗೊಂಡರು. ಅದರ ಫಲವೇ 2006ರ ವೀ ಯಂತ್ರ. ಅದರ ಕಂಟ್ರೋಲರ್ ಮನೆಯ ಟೆಲಿವಿಷನ್ನಿನ ರಿಮೋಟನ್ನು ಹೋಲುತ್ತಿತ್ತು. ಕೈಯ ಚಲನೆಯನ್ನೇ ಗ್ರಹಿಸುತ್ತಿತ್ತು. ಟೆನಿಸ್ ಆಡಲು ಕೈ ಬೀಸಿದರೆ ಸಾಕು. ಅಜ್ಜಿಗೂ ಮೊಮ್ಮಗನಿಗೂ ಪಂದ್ಯ ಸಾಧ್ಯವಾಯಿತು. ಪಾಶ್ಚಾತ್ಯ ದೇಶಗಳ ವೃದ್ಧಾಶ್ರಮಗಳಿಗೂ ಆಟ ಪ್ರವೇಶಿಸಿತು. ಅದೇ ಸಂಸ್ಥೆಯ ಹಿಂದಿನ ಯಂತ್ರ ಗೇಮ್‌ಕ್ಯೂಬ್ ಸುಮಾರು 2.2 ಕೋಟಿ ಮಾರಾಟವಾಗಿದ್ದರೆ, ವೀ 10 ಕೋಟಿಯನ್ನು ದಾಟಿತು. ಯಂತ್ರಶಕ್ತಿಯಲ್ಲಿ ಅದು ಪ್ರತಿಸ್ಪರ್ಧಿಗಳಿಗಿಂತ ಹಿಂದಿತ್ತೆಂಬುದನ್ನು ನಾವು ಮರೆಯಬಾರದು.

ಆದರೆ ಹೊಸತನವೊಂದೇ ಗೆಲ್ಲಿಸಲಾರದು. 2012ರಲ್ಲಿ ಅದೇ ನಿಂಟೆಂಡೊ ಕಂಟ್ರೋಲರಿನ ನಡುವೆಯೇ ಪರದೆಯನ್ನಿಟ್ಟು ವೀ ಯು ಎಂಬ ಯಂತ್ರವನ್ನು ತಂದಿತು. ಅದರ ಮಾರಾಟ 1.4 ಕೋಟಿಯನ್ನೂ ಮುಟ್ಟಲಿಲ್ಲ. ಕಂಡೊಡನೆ ಬಳಕೆ ತಿಳಿಯುವ ಸಾಧನವೇ ಹೊಸಬರನ್ನು ಕರೆತರುತ್ತದೆ. ವಿವರಣೆ ಬೇಡುವ ಸಾಧನವಲ್ಲ ಎಂಬುದು ನಮ್ಮ ಭಾವನೆ.

ಹಿರಿಯರಿಗೆ ತೆರೆದ ಬಾಗಿಲು ಅಂಗವಿಕಲರಿಗೆ ತೆರೆಯಲು ಇನ್ನೂ ಕಾಲ ಹಿಡಿಯಿತು. 2018ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಅನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಎರಡು ಅಗಲವಾದ ಗುಂಡಿಗಳಿವೆ. ಹೊರಗಿನ ಸ್ವಿಚ್ಚುಗಳನ್ನು ಜೋಡಿಸಲು ಹಿಂಬದಿಯಲ್ಲಿ 19 ರಂಧ್ರಗಳಿವೆ. ಬೆರಳಾಡದವರು ಮೊಣಕೈಯಿಂದಲೋ ಪಾದದಿಂದಲೋ ಆಡಬಹುದು. 2023ರಲ್ಲಿ ಸೋನಿಯೂ ಇಂಥದೇ ಸಾಧನವನ್ನು ಹೊರತಂದಿತು.

ಇಲ್ಲೊಂದು ಕೊರತೆಯುಂಟು. ಮೈಕ್ರೋಸಾಫ್ಟಿನ ಸಾಧನಕ್ಕೆ ಅಮೆರಿಕದಲ್ಲಿ ಆರಂಭದ ಬೆಲೆ ಸುಮಾರು 100 ಡಾಲರು. ಬೇಕಾದ ಸ್ವಿಚ್ಚುಗಳನ್ನು ಬೇರೆಯಾಗಿಯೇ ಕೊಳ್ಳಬೇಕು. ಯಾರಿಗಾಗಿ ಸಾಧನವನ್ನು ರೂಪಿಸಲಾಯಿತೋ ಅವರ ಮನೆಗೇ ಅದು ತಲಪದಿದ್ದರೆ ಕಾರ್ಯ ಅರ್ಧಕ್ಕೆ ನಿಂತಂತೆಯೇ. ಗುಂಡಿಯನ್ನು ಅಗಲಿಸಿದ ಜಾಣ್ಮೆ ಬೆಲೆಯನ್ನು ಇಳಿಸುವುದರಲ್ಲಿಯೂ ಕಾಣಬೇಕು. ನೆಲ ಸಮವಾದರೆ ಕುಣಿಯುವವರಿಗೆ ಕೊರತೆಯಿಲ್ಲವೆಂಬುದನ್ನು ವೀ ಈಗಾಗಲೇ ತೋರಿಸಿಕೊಟ್ಟಿದೆ.