ನೊಗ ಹೂಡಿದ ಸೂರ್ಯ–ಚಂದ್ರ

ಟಿವಿಯವರು ‘ಸೂಪರ್‌ಮೂನ್’ ಎಂದು ಹುಯಿಲೆಬ್ಬಿಸಿದಾಗಲೆಲ್ಲ ಓದುಗರಿಂದ ಬರುವ ಪ್ರಶ್ನೆ ಒಂದೇ: ಇದಕ್ಕೆ ವಿಜ್ಞಾನದಲ್ಲಿ ಏನಂತಾರೆ? ‘ಪೆರಿಜಿ ಸಿಝಿಜಿ’ ಅಂತಾರೆ. ಇಷ್ಟು ತೊಡರುವ ಹೆಸರು ಸುದ್ದಿವಾಚಕರ ನಾಲಿಗೆಗೆ ಒಗ್ಗುವುದುಂಟೆ? ಹಾಗಾಗಿ 1979ರಲ್ಲಿ ಅಮೆರಿಕದ ಜ್ಯೋತಿಷಿ ರಿಚರ್ಡ್ ನೋಲ್ ಹುಟ್ಟಿಸಿದ ‘ಸೂಪರ್‌ಮೂನ್’ ಗೆದ್ದಿತು. ಅತಿ ದೂರದ ಹುಣ್ಣಿಮೆ ಚಂದ್ರನಿಗಿಂತ ಅತಿ ಹತ್ತಿರದ್ದು ಶೇ. 14ರಷ್ಟು ದೊಡ್ಡದಾಗಿ ಕಂಡೀತು, ಅಷ್ಟೇ. ಎರಡನ್ನೂ ಅಕ್ಕಪಕ್ಕ ನಿಲ್ಲಿಸದೆ ಬರಿಗಣ್ಣಿಗೆ ಈ ವ್ಯತ್ಯಾಸ ತಿಳಿಯುವುದು ಕಷ್ಟ.

ನನಗೆ ಅದಕ್ಕಿಂತ ಸೊಗಸೆನಿಸುವುದು ಸೋತ ಪದವೇ. ಗ್ರೀಕಿನಲ್ಲಿ ‘ಸುನ್’ ಎಂದರೆ ಜೊತೆ, ‘ಝುಗೋನ್’ ಎಂದರೆ ನೊಗ. ಒಂದೇ ನೊಗಕ್ಕೆ ಹೂಡಿದ ಜೋಡಿಯೇ ಸಿಝಿಜಿ. ಸಂಸ್ಕೃತದ ‘ಯುಗ’ಕ್ಕೂ ನೊಗ ಎಂಬ ಅರ್ಥವಿದೆ, ಯೋಗ, ಯುಗ್ಮ, ಸಂಯೋಗ ಎಲ್ಲವೂ ಅದೇ ಬೇರಿನವು. ಇಂಗ್ಲಿಷಿನ ‘ಯೋಕ್’ ಕೂಡ ಇವುಗಳ ದಾಯಾದಿಯೇ. ಹಳ್ಳಿಯ ನೊಗವೊಂದು ಹೀಗೆ ಆಕಾಶಕ್ಕೇರಿತು: ಮೂರು ಕಾಯಗಳು ಒಂದೇ ಸಾಲಿಗೆ ಬಂದರೆ ಖಗೋಳದವರಿಗೆ ಅದು ಸಿಝಿಜಿ. ಸೂರ್ಯ, ಭೂಮಿ, ಚಂದ್ರರ ಮಟ್ಟಿಗೆ ಹೇಳುವುದಾದರೆ ನಮ್ಮ ಪಂಚಾಂಗದ ಅಮಾವಾಸ್ಯೆ, ಹುಣ್ಣಿಮೆಗಳೆರಡೂ ಸಿಝಿಜಿಗಳೇ.

ಪದ ಅಲ್ಲಿಗೇ ನಿಲ್ಲಲಿಲ್ಲ. ‘ಮ್ಯಾಟ್ರಿಕ್ಸ್’ ಎಂಬ ಹೆಸರನ್ನು ಗಣಿತಕ್ಕೆ ಕೊಟ್ಟ ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್ 19ನೇ ಶತಮಾನದ ನಡುವಿನಲ್ಲಿ ಇದನ್ನು ಬೀಜಗಣಿತಕ್ಕೆ ಎಳೆದು ತಂದರು. 1890ರಲ್ಲಿ ಡೇವಿಡ್ ಹಿಲ್ಬರ್ಟ್ ಸಾಧಿಸಿದ ಪ್ರಮೇಯಕ್ಕೆ ಇಂದಿಗೂ ಇದೇ ಹೆಸರು. ಲೂಯಿಸ್ ಕ್ಯಾರಲ್ ಇದೇ ಹೆಸರಿನ ಪದದಾಟ ಕಟ್ಟಿದರು. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಮನಸ್ಸಿನೊಳಗಿನ ಹೆಣ್ಣು–ಗಂಡು ಜೋಡಿಗೆ ಇದನ್ನು ಹಚ್ಚಿದರು.

ಆದರೆ ನೊಗದ ಹೋಲಿಕೆ ನಿಜವಾಗಿ ಫಲ ಕೊಡುವುದು ಕಡಲಿನಲ್ಲಿ. ಉಬ್ಬರ–ಇಳಿತಕ್ಕೆ ಹೂಡಿದ ಎತ್ತುಗಳು ಎರಡು. ದೊಡ್ಡದು ಚಂದ್ರ, ಸೂರ್ಯನ ಬಲ ಅದರ ಅರ್ಧಕ್ಕಿಂತ ತುಸು ಕಡಿಮೆ. ಅಮಾವಾಸ್ಯೆಯಂದು ಎರಡೂ ಒಂದೇ ಕಡೆ ನಿಂತು ಎಳೆಯುತ್ತವೆ, ಕಡಲು ಉಕ್ಕುತ್ತದೆ. ಹುಣ್ಣಿಮೆಯಂದು ಒಂದು ಈಚೆ, ಇನ್ನೊಂದು ಆಚೆ; ಎತ್ತುಗಳಾಗಿದ್ದರೆ ನೊಗವೇ ಮುರಿಯುತ್ತಿತ್ತು! ಆದರೂ ಅಂದು ಕಡಲು ಅಷ್ಟೇ ಉಕ್ಕುತ್ತದೆ. ಏಕೆಂದರೆ ಸೆಳೆತ ಸಮೀಪದ ನೀರಿನ ಮೇಲೆ ಹೆಚ್ಚು, ನಡುವಿನ ಭೂಮಿಯ ಮೇಲೆ ಅದಕ್ಕಿಂತ ಕಡಿಮೆ, ಆಚೆ ಬದಿಯ ನೀರಿನ ಮೇಲೆ ಇನ್ನೂ ಕಡಿಮೆ. ಹೀಗಾಗಿ ಕಡಲು ಎದುರುಬದುರಿನ ಎರಡೂ ಕಡೆ ಉಬ್ಬುತ್ತದೆ, ಯಾರು ಯಾವ ಬದಿಗಿದ್ದರೂ ಉಬ್ಬುಗಳು ಒಂದರ ಮೇಲೊಂದು ಕೂರುತ್ತವೆ. ಅಷ್ಟಮಿಯ ಹೊತ್ತಿಗೆ ಇಬ್ಬರೂ ಲಂಬಕೋನದಲ್ಲಿ ಎಳೆಯುವುದರಿಂದ ಉಬ್ಬರ ಸಪ್ಪೆಯಾಗುತ್ತದೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಸಿಝಿಜಿಯ ಆಸುಪಾಸಿನ ದಿನಗಳಲ್ಲಿ ನೀರು ಸುಮಾರು 10 ಮೀಟರ್ ಏರಿಳಿಯುತ್ತದೆ. ಚಂದ್ರನೂ ಹತ್ತಿರವಿದ್ದರೆ, ಅಂದರೆ ಪೆರಿಜಿ ಸಿಝಿಜಿಯಾದರೆ, ಇನ್ನಷ್ಟು.

ಗ್ರಹಗಳನ್ನೂ ಈ ನೊಗಕ್ಕೆ ಕಟ್ಟುವವರಿದ್ದಾರೆ. 1962ರ ಫೆಬ್ರುವರಿಯಲ್ಲಿ ಮಕರ ರಾಶಿಯಲ್ಲಿ ಅಷ್ಟಗ್ರಹ ಕೂಟವಾದಾಗ ಪ್ರಳಯವೇ ಆದೀತೆಂದು ದೇಶದ ಉದ್ದಗಲಕ್ಕೂ ಹೋಮ–ಹವನ ನಡೆದವು. ಏನೂ ಆಗಲಿಲ್ಲ. ನಾವಷ್ಟೇ ಮೌಢ್ಯದವರೆಂದು ಕುಗ್ಗಬೇಕಿಲ್ಲ: 1982ರಲ್ಲಿ ಗ್ರಹಗಳು ಸೂರ್ಯನ ಒಂದೇ ಬದಿಗೆ ಬಂದಾಗ ಕ್ಯಾಲಿಫೋರ್ನಿಯಾದಲ್ಲಿ ಭೂಕಂಪವಾದೀತೆಂದು ಇಬ್ಬರು ವಿಜ್ಞಾನಿಗಳು 1974ರಲ್ಲೇ ‘ದಿ ಜುಪಿಟರ್ ಎಫೆಕ್ಟ್’ ಎಂಬ ಪುಸ್ತಕ ಬರೆದರು. ಅದೂ ಸುಳ್ಳಾಯಿತು. ಲೆಕ್ಕ ಸುಲಭ: ಉಬ್ಬರ ಎಬ್ಬಿಸುವ ಬಲ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ಶುಕ್ರ ತೀರ ಹತ್ತಿರ ಬಂದಾಗಲೂ ಅದರ ಬಲ ಚಂದ್ರನದರ 10,000ದಲ್ಲಿ ಒಂದು ಪಾಲೂ ಅಲ್ಲ. ಗುರುವಿನದು ಅದಕ್ಕಿಂತಲೂ ಕಡಿಮೆ.

ಸಿಝಿಜಿಗೆ ಹೆದರಿ ಮನೆಯಲ್ಲಿ ಬಾಗಿಲು ಹಾಕಿಕೊಳ್ಳಬೇಕಾಗಿಲ್ಲ. ಆದರೆ ಮಳೆಗಾಲದ ಬಿರುಗಾಳಿ ಅಮಾವಾಸ್ಯೆಗೋ ಹುಣ್ಣಿಮೆಗೋ ಜೊತೆಯಾದರೆ ಕಡಲ ಅಲೆ ಎಂದಿಗಿಂತ ಒಳಗೆ ನುಗ್ಗುತ್ತದೆ. ಉಳ್ಳಾಲದಂತಹ ಕೊರೆತದ ತೀರದಲ್ಲಿ ಮನೆಯಿದ್ದವರು ಅಂದು ಟಿವಿ ಜ್ಯೋತಿಷಿಯನ್ನಲ್ಲ, ಉಬ್ಬರದ ವೇಳಾಪಟ್ಟಿಯನ್ನೂ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ನೋಡಲಿ.