ಹಳೆಯ ಕಂಪ್ಯೂಟರಿನಲ್ಲಿ ಕನ್ನಡ ಬರಹ: ಟೆಕ್ಸ್ಟ್ ಎಡಿಟರ್ ಹಾಕಿಕೊಳ್ಳುವ ಬಗೆ



ನಿಮ್ಮೂರಿನ ಹಾಲಿನ ಸಂಘದಲ್ಲೋ, ಶಾಲೆಯಲ್ಲೋ, ಓದು ಮುಗಿಸಿ ಪಟ್ಟಣ ಸೇರಿದ ಮಗನ ಕೋಣೆಯಲ್ಲೋ ಒಂದು ಹಳೆಯ ಕಂಪ್ಯೂಟರು ಬಟ್ಟೆ ಹೊದ್ದು ಕುಳಿತಿರಬಹುದು. ಅದು ಇನ್ನು ಯಾವ ಕೆಲಸಕ್ಕೂ ಬಾರದೆಂದು ಯಾರೋ ಹೇಳಿರುತ್ತಾರೆ. ಆ ಮಾತನ್ನು ಪೂರ್ತಿ ನಂಬಬೇಡಿ. ನೇಗಿಲು ಎಳೆಯಲಾರದ ಎತ್ತು ಕಣ ತುಳಿಯಬಲ್ಲುದಷ್ಟೆ? ಹಾಗೆಯೇ ಈ ಯಂತ್ರವೂ. ಸಂಘದ ಸಭೆಯ ನಡವಳಿ, ಸದಸ್ಯರ ಪಟ್ಟಿ, ಯಾವ ಹೊಲಕ್ಕೆ ಯಾವ ತಳಿ ಹಾಕಿದಿರಿ, ಎಷ್ಟು ಗೊಬ್ಬರ ಕೊಟ್ಟಿರಿ, ಎಷ್ಟು ಚೀಲ ಬಂತು ಎಂಬ ವರ್ಷವರ್ಷದ ಗುರುತು, ಇವನ್ನೆಲ್ಲ ಕನ್ನಡದಲ್ಲಿ ಬರೆದಿಡಲು ಅದು ಧಾರಾಳವಾಗಿ ಸಾಕು. ಬೇಕಾದುದು ಒಂದು ಟೆಕ್ಸ್ಟ್ ಎಡಿಟರ್ ಮಾತ್ರ.

ಟೆಕ್ಸ್ಟ್ ಎಡಿಟರ್ ಎಂದರೇನು? ಬಣ್ಣ, ಚೌಕಟ್ಟು, ಚಿತ್ರ ಯಾವುದೂ ಇಲ್ಲದೆ ಬರಿಯ ಅಕ್ಷರಗಳನ್ನು ಬರೆಯುವ, ತಿದ್ದುವ, ಉಳಿಸುವ ತಂತ್ರಾಂಶ. ಲಗ್ನಪತ್ರಿಕೆ ಅಚ್ಚು ಹಾಕಿಸುವುದಕ್ಕೂ ಹಲಗೆಯ ಮೇಲೆ ಬಳಪದಿಂದ ಬರೆಯುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತು. ಇದು ಹಲಗೆ-ಬಳಪದ ಜಾತಿಯದು. ಹಗುರವಾದುದರಿಂದ ಹಳೆಯ ಯಂತ್ರಕ್ಕೆ ಹೊರೆಯಾಗದು. ಇದರಲ್ಲಿ ಬರೆದ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿಯೂ ಕೈಯಲ್ಲಿರುವ ಮೊಬೈಲಿನಲ್ಲಿಯೂ ತೆರೆದು ಓದಬಹುದು.

‘ವಿಂಡೋಸ್ ಜೊತೆಗೆ ನೋಟ್‌ಪ್ಯಾಡ್ ಬಂದೇ ಇರುತ್ತದಲ್ಲ, ಮತ್ತೊಂದು ಏಕೆ?’ ಎಂದು ತಿಳಿದವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಅಪಾಯವಿರುವುದೂ ಇಲ್ಲಿಯೇ, ಆದುದರಿಂದ ಸ್ವಲ್ಪ ನಿಧಾನವಾಗಿ ಓದಿ.

ಕಂಪ್ಯೂಟರು ಅಕ್ಷರವನ್ನು ಅಕ್ಷರವಾಗಿ ಇಡುವುದಿಲ್ಲ, ಅಂಕೆಯಾಗಿ ಇಡುತ್ತದೆ. ಯಾವ ಅಕ್ಷರಕ್ಕೆ ಯಾವ ಅಂಕೆ ಎಂಬುದಕ್ಕೆ ಒಂದು ಕಟ್ಟುಪಾಡು ಬೇಕು. ಹಳೆಯ ವಿಂಡೋಸಿನ ನೋಟ್‌ಪ್ಯಾಡು ತಾನಾಗಿ ಹಿಡಿಯುತ್ತಿದ್ದ ಕಟ್ಟುಪಾಡಿನ ಹೆಸರು ‘ಆನ್ಸಿ’. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ನೀವು ಎರಡು ಗಂಟೆ ಕುಳಿತು ಕನ್ನಡದಲ್ಲಿ ನಡವಳಿ ಬರೆದು ಉಳಿಸಲು ಹೋದಾಗ ಅದು ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ ಕೊಡುತ್ತದೆ. ಅವಸರದಲ್ಲಿ ‘ಓಕೆ’ ಒತ್ತಿದಿರೋ, ಮಾರನೆಯ ದಿನ ಕಡತ ತೆರೆದಾಗ ಸಾಲುಸಾಲಾಗಿ ಪ್ರಶ್ನೆಯ ಚಿಹ್ನೆಗಳು ಮಾತ್ರ ಕಾಣುತ್ತವೆ. ಅಕ್ಷರ ಹೋದಂತೆಯೇ. ಆ ಕಡತದಿಂದ ಅದನ್ನು ಹಿಂದಕ್ಕೆ ತರಲು ಯಾರಿಂದಲೂ ಆಗದು.

ಕನ್ನಡಕ್ಕೆ ಜಾಗವಿರುವ ಕಟ್ಟುಪಾಡು ಯೂನಿಕೋಡ್; ಅದನ್ನು ಕಡತದಲ್ಲಿ ಇಡುವ ವಾಡಿಕೆಯ ಕ್ರಮ ‘ಯುಟಿಎಫ್-8’. ಹಳೆಯ ನೋಟ್‌ಪ್ಯಾಡಿನಲ್ಲಿಯೂ ಉಳಿಸುವಾಗ ಇದನ್ನು ಆರಿಸಿಕೊಳ್ಳಬಹುದು. ಆದರೆ ಹೊಸ ಕಡತ ಮಾಡಿದಾಗಲೆಲ್ಲ ನೆನಪಿಟ್ಟು ಆರಿಸಬೇಕು. ಒಂದು ದಿನ ಮರೆತರೆ ಆ ದಿನದ ಕೆಲಸ ಹಾಳು. 2019ರಲ್ಲಿ ಬಂದ ವಿಂಡೋಸ್ 10ರ 1903ನೆಯ ಆವೃತ್ತಿಯಿಂದ ನೋಟ್‌ಪ್ಯಾಡು ತಾನಾಗಿ ಯುಟಿಎಫ್-8 ಹಿಡಿಯುತ್ತದೆ. ನಿಮ್ಮ ಯಂತ್ರ ಅಷ್ಟು ಹೊಸದಾದರೆ ಈ ಲೇಖನದ ಅರ್ಧ ಶ್ರಮ ನಿಮಗೆ ಬೇಡ. ವಿಂಡೋಸ್ 7 ಅಥವಾ ಎಕ್ಸ್‌ಪಿ ಇರುವವರು ಮುಂದೆ ಓದಬೇಕು.

ಇಂಥ ಯಂತ್ರಕ್ಕೆ ನಾವು ಹೇಳುವುದು ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ತಂತ್ರಾಂಶವನ್ನು. 2003ರಲ್ಲಿ ಮೊದಲು ಹೊರಬಂದ ಇದಕ್ಕೆ ಕಾಸು ಕೊಡಬೇಕಾದುದಿಲ್ಲ; ಕದ್ದು ತರಬೇಕಾದುದೂ ಇಲ್ಲ.

ತರುವ ಮೊದಲು ಯಂತ್ರವನ್ನು ನೋಡಿಕೊಳ್ಳಿ. ಮೂಲೆಯಲ್ಲಿರುವ ಗಡಿಯಾರ, ತಾರೀಖು ಸರಿಯಾಗಿವೆಯೇ? ಪ್ರತಿ ಸಲ ಚಾಲೂ ಮಾಡಿದಾಗಲೂ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಒಳಗಿನ ಬಿಲ್ಲೆಯಂಥ ಬ್ಯಾಟರಿ ಮುಗಿದಿದೆ ಎಂದು ತಿಳಿಯಿರಿ. ಅದರ ಬೆಲೆ ಹೆಚ್ಚಲ್ಲ, ಹಾಕಿಸಿಬಿಡಿ. ತಾರೀಖು ತಪ್ಪಿದ್ದರೆ ಅಂತರ್ಜಾಲದ ತಾಣಗಳು ತೆರೆಯಲು ತಕರಾರು ಮಾಡುತ್ತವೆ. ನಿಮ್ಮ ಕಡತಗಳ ಮೇಲೂ ಸುಳ್ಳು ತಾರೀಖು ಬೀಳುತ್ತದೆ. ನಡವಳಿ ಪುಸ್ತಕಕ್ಕೆ ಇದು ಸಣ್ಣ ಮಾತಲ್ಲ.

ಆಮೇಲೆ, ವಿಂಡೋಸ್ 7ರಲ್ಲಿ ‘ಕಂಪ್ಯೂಟರ್’ ಎಂಬ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ಆರಿಸಿ. ಅಲ್ಲಿ ‘ಸಿಸ್ಟಮ್ ಟೈಪ್’ ಎಂಬ ಸಾಲಿನಲ್ಲಿ 32 ಬಿಟ್ ಅಥವಾ 64 ಬಿಟ್ ಎಂದಿರುತ್ತದೆ. 32 ಬಿಟ್ಟಿನ ಯಂತ್ರದಲ್ಲಿ 64 ಬಿಟ್ಟಿನ ತಂತ್ರಾಂಶ ಕೂರುವುದಿಲ್ಲ. 64 ಬಿಟ್ಟಿನದರಲ್ಲಿ 32 ಬಿಟ್ಟಿನದು ಕೂರುತ್ತದೆ. ಸಂಶಯವಿದ್ದರೆ 32 ಬಿಟ್ಟಿನದನ್ನೇ ತನ್ನಿ. ಎಕ್ಸ್‌ಪಿ ಯಂತ್ರದವರು ಹೊಸ ಆವೃತ್ತಿಗೆ ಕೈಹಾಕಬಾರದು. ಎಕ್ಸ್‌ಪಿಯಲ್ಲಿ ನಡೆಯುವ ಕೊನೆಯ ಆವೃತ್ತಿ 7.9.2.

ಹಳೆಯ ಯಂತ್ರದಿಂದಲೇ ಅಂತರ್ಜಾಲಕ್ಕೆ ಹೋಗಿ ತರುವ ಗೋಜು ಬೇಡ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದೂ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದೂ ಕಂಪನಿಯ ರಕ್ಷಣೆ ನಿಂತುಹೋಯಿತು. ಬೇಲಿ ಇಲ್ಲದ ಹೊಲ ಅವು. ಬ್ಯಾಂಕಿನ ವ್ಯವಹಾರ, ಆಧಾರ್ ಕೆಲಸ ಅವುಗಳಲ್ಲಿ ಮಾಡಕೂಡದು. ಹೊಸ ಕಂಪ್ಯೂಟರು ಇರುವವರ ಬಳಿ ಹೋಗಿ, ನೋಟ್‌ಪ್ಯಾಡ್-ಪ್ಲಸ್-ಪ್ಲಸ್ ಡಾಟ್ ಓಆರ್‌ಜಿ ಎಂಬ ಅದರದೇ ತಾಣದಿಂದ ಪೆನ್‌ಡ್ರೈವಿಗೆ ಇಳಿಸಿಕೊಂಡು ಬನ್ನಿ. ಗಾತ್ರ ಹತ್ತು ಎಂ.ಬಿ.ಯೊಳಗೇ ಇರುತ್ತದೆ. ಹುಡುಕುವಾಗ ಬೇರೆ ಬೇರೆ ತಾಣಗಳೂ ‘ಇಲ್ಲಿ ಇಳಿಸಿಕೊಳ್ಳಿ’ ಎಂದು ಕರೆಯುತ್ತವೆ. ಸಂತೆಯಲ್ಲಿ ಗುರುತಿಲ್ಲದವನಿಂದ ಬಿತ್ತನೆ ಬೀಜ ಕೊಳ್ಳುವುದಿಲ್ಲವಷ್ಟೆ? ಪೆನ್‌ಡ್ರೈವನ್ನು ವೈರಸ್ ತಪಾಸಣೆ ಮಾಡಿಸಿಯೇ ನಿಮ್ಮ ಯಂತ್ರಕ್ಕೆ ಚುಚ್ಚಬೇಕು.

ಹಾಕುವ ಕೆಲಸ ಐದು ನಿಮಿಷದ್ದು. ತಂದ ಕಡತದ ಮೇಲೆ ಎರಡು ಸಲ ಒತ್ತಿ. ಅಪ್ಪಣೆ ಕೇಳಿದರೆ ‘ಯೆಸ್’ ಎನ್ನಿ. ಭಾಷೆ ಯಾವುದೆಂದು ಕೇಳುತ್ತದೆ. ಮೊದಲಿಗೆ ಇಂಗ್ಲಿಷನ್ನೇ ಇಟ್ಟುಕೊಳ್ಳುವುದು ಮೇಲೆಂದು ನಮ್ಮ ಅಭಿಪ್ರಾಯ. ಎಲ್ಲಿಯಾದರೂ ತೊಡಕಾದರೆ ಪಟ್ಟಣದಲ್ಲಿರುವ ಮಗಳು ಫೋನಿನಲ್ಲಿ ‘ಇಂಥ ಮಾತಿನ ಮೇಲೆ ಒತ್ತು’ ಎಂದು ಹೇಳುವುದು ಸುಲಭ. ಆಮೇಲೆ ‘ನೆಕ್ಸ್ಟ್’, ‘ಐ ಅಗ್ರೀ’, ಮತ್ತೆ ‘ನೆಕ್ಸ್ಟ್’. ನಡುವೆ ಬರುವ ಪಟ್ಟಿಯಲ್ಲಿ ‘ಆಟೋ ಅಪ್‌ಡೇಟರ್’ ಎಂಬುದರ ಗುರುತು ತೆಗೆಯಬಹುದು, ಏಕೆಂದರೆ ಈ ಯಂತ್ರ ಅಂತರ್ಜಾಲಕ್ಕೆ ಹೋಗುವುದಿಲ್ಲ. ಕೊನೆಗೆ ‘ಇನ್‌ಸ್ಟಾಲ್’, ‘ಫಿನಿಶ್’.

ಕನ್ನಡದ ಕೀಲಿಮಣೆ ಬೇಕು. ಅದನ್ನು ಹೊರಗಿಂದ ತರಬೇಕಾದುದಿಲ್ಲ. ವಿಂಡೋಸ್ 7ರಲ್ಲಿ ‘ಕಂಟ್ರೋಲ್ ಪ್ಯಾನೆಲ್’ ಒಳಗೆ ‘ರೀಜನ್ ಅಂಡ್ ಲ್ಯಾಂಗ್ವೇಜ್’ ತೆರೆದು, ‘ಕೀಬೋರ್ಡ್ಸ್ ಅಂಡ್ ಲ್ಯಾಂಗ್ವೇಜಸ್’ ಎಂಬಲ್ಲಿ ‘ಚೇಂಜ್ ಕೀಬೋರ್ಡ್ಸ್’, ‘ಆಡ್’ ಒತ್ತಿ ಕನ್ನಡವನ್ನು ಸೇರಿಸಿ. ಎಕ್ಸ್‌ಪಿಯಲ್ಲಿ ಇದಕ್ಕೂ ಮೊದಲು ‘ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್’ ಒಳಗಿನ ‘ಲ್ಯಾಂಗ್ವೇಜಸ್’ ಪುಟದಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂಬ ಸಾಲಿಗೆ ಗುರುತು ಹಾಕಬೇಕು. ಇಲ್ಲವಾದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬರಬಹುದು.

ಈ ಕೀಲಿಮಣೆಗೆ ಇನ್‌ಸ್ಕ್ರಿಪ್ಟ್ ಎಂದು ಹೆಸರು. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಯು, ಇ, ಎನ್, ಜಿ ಗುಂಡಿಗಳನ್ನು ಒಂದಾದಮೇಲೊಂದು ಒತ್ತಿ ನೋಡಿ, ‘ಹಾಲು’ ಎಂದು ಮೂಡುತ್ತದೆ. ಜೆ, ಇ, ಐ, ಎಫ್ ಒತ್ತಿದರೆ ‘ರಾಗಿ’. ಒತ್ತಕ್ಷರಕ್ಕೆ ನಡುವೆ ಡಿ ಒತ್ತಬೇಕು: ಕೆ, ಡಿ, ಕೆ ಎಂದರೆ ‘ಕ್ಕ’. ಮೊದಮೊದಲು ಬೆರಳು ತಡಕಾಡುತ್ತದೆ. ಒಂದು ವಾರ ದಿನಕ್ಕೆ ಅರ್ಧ ಗಂಟೆ ಕುಳಿತರೆ ಕೈ ಕುದುರುತ್ತದೆ.

ಅಕ್ಷರ ಸಣ್ಣದಾಗಿ ಕಂಡರೆ ಕಂಟ್ರೋಲ್ ಗುಂಡಿ ಹಿಡಿದು ಮೌಸಿನ ಚಕ್ರ ತಿರುಗಿಸಿ ದೊಡ್ಡದು ಮಾಡಿಕೊಳ್ಳಬಹುದು. ಅಕ್ಷರದ ಬದಲು ಚೌಕಗಳೇ ಕಂಡರೆ ‘ಸೆಟ್ಟಿಂಗ್ಸ್’ ಒಳಗಿನ ‘ಸ್ಟೈಲ್ ಕಾನ್ಫಿಗರೇಟರ್’ ತೆರೆದು ಅಕ್ಷರಶೈಲಿಯನ್ನು ‘ತುಂಗಾ’ ಎಂದು ಮಾಡಿ. ನಮ್ಮ ಹೊಳೆಯ ಹೆಸರಿನ ಈ ಶೈಲಿ ಎಕ್ಸ್‌ಪಿಯಲ್ಲಿಯೂ 7ರಲ್ಲಿಯೂ ಇರುತ್ತದೆ.

ಈಗ ಮುಖ್ಯವಾದ ಪರೀಕ್ಷೆ. ಎರಡು ಸಾಲು ಕನ್ನಡ ಬರೆದು, ಕಿಟಕಿಯ ಕೆಳಗಿನ ಬಲಮೂಲೆಯಲ್ಲಿ ‘ಯುಟಿಎಫ್-8’ ಎಂದಿರುವುದನ್ನು ನೋಡಿ. ಬೇರೆ ಏನಾದರೂ ಇದ್ದರೆ ‘ಎನ್‌ಕೋಡಿಂಗ್’ ಪಟ್ಟಿಯಿಂದ ಬದಲಿಸಿ. ಕಡತವನ್ನು ಉಳಿಸಿ, ಎಡಿಟರನ್ನು ಮುಚ್ಚಿ, ಮತ್ತೆ ತೆರೆಯಿರಿ. ಅದನ್ನೇ ಪೆನ್‌ಡ್ರೈವಿಗೆ ಹಾಕಿ ಬೇರೆ ಕಂಪ್ಯೂಟರಿನಲ್ಲಿಯೂ ತೆರೆದು ನೋಡಿ. ಎರಡೂ ಕಡೆ ಕನ್ನಡ ಕನ್ನಡವಾಗಿಯೇ ಕಂಡ ಮೇಲೆ ಸಂಘದ ನಡವಳಿಯನ್ನು ಅದಕ್ಕೆ ಒಪ್ಪಿಸಬಹುದು. ಹತ್ತು ಕಾಳು ಮೊಳಕೆ ಕಟ್ಟಿ ನೋಡಿಯೇ ತಾನೆ ಬಿತ್ತುವುದು.

ಕರೆಂಟು ಹೋದರೆ? ಈ ಎಡಿಟರು ನೀವು ಉಳಿಸದಿದ್ದರೂ 7 ಸೆಕೆಂಡಿಗೊಮ್ಮೆ ತಾನಾಗಿ ಒಂದು ನಕಲು ಇಟ್ಟುಕೊಳ್ಳುತ್ತಿರುತ್ತದೆ. ಮತ್ತೆ ತೆರೆದಾಗ ಬರೆದುದು ಸಾಮಾನ್ಯವಾಗಿ ಹಾಗೆಯೇ ಇರುತ್ತದೆ. ಹಳ್ಳಿಯ ವಿದ್ಯುತ್ತಿಗೆ ಇದು ದೊಡ್ಡ ಉಪಕಾರ. ಆದರೂ ಅದನ್ನೇ ನೆಚ್ಚಿ ಕೂರಬೇಡಿ. ನಾಲ್ಕು ಸಾಲಿಗೊಮ್ಮೆ ಕಂಟ್ರೋಲ್ ಮತ್ತು ಎಸ್ ಒತ್ತುವ ರೂಢಿ ಮಾಡಿಕೊಳ್ಳಿ.

ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಬರೆದ ಕಡತಗಳು ಕೆಲವರಲ್ಲಿ ಇದ್ದಾವು. ಅವನ್ನು ಈ ಎಡಿಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡಾವು. ಗಾಬರಿಯಾಗಬೇಡಿ. ಯೂನಿಕೋಡ್ ಬಳಕೆಗೆ ಬರುವ ಮೊದಲು ಇಂಗ್ಲಿಷ್ ಅಕ್ಷರದ ಜಾಗದಲ್ಲಿಯೇ ಕನ್ನಡದ ಆಕಾರವನ್ನು ಕೂರಿಸಿ ಬರೆಯುತ್ತಿದ್ದರು. ಬರಹ ಒಳಗೆ ಕ್ಷೇಮವಾಗಿಯೇ ಇದೆ. ತಿದ್ದದೆ, ಮರು ಉಳಿಸದೆ ಮುಚ್ಚಿಬಿಡಿ. ಅದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಇವೆ, ತಿಳಿದವರಿಂದ ಮಾಡಿಸಿಕೊಳ್ಳಿ. ಪ್ರಶ್ನೆಯ ಚಿಹ್ನೆಯಾದ ಕಡತ ಬರಿದಾದ ಪೆಟ್ಟಿಗೆ. ಇದು ಬೀಗ ಬಿದ್ದ ಪೆಟ್ಟಿಗೆ.

ಬರೆದುದರ ನಕಲನ್ನು ಎರಡು ಪೆನ್‌ಡ್ರೈವುಗಳಲ್ಲಿ ಇಡಿ. ಜಾಗದ ಚಿಂತೆ ಬೇಡ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಹಿಡಿಯುತ್ತದೆ. ಪುಟಕ್ಕೆ 1,500 ಚಿಹ್ನೆ ಎಂದು ಲೆಕ್ಕ ಹಾಕಿದರೂ 1 ಜಿ.ಬಿ.ಯ ಪುಟ್ಟ ಪೆನ್‌ಡ್ರೈವಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಪುಟ ಹಿಡಿಯುತ್ತವೆ. ಒಂದನ್ನು ಸಂಘದ ಬೀರುವಿನಲ್ಲಿ, ಇನ್ನೊಂದನ್ನು ಕಾರ್ಯದರ್ಶಿಗಳ ಮನೆಯಲ್ಲಿ ಇಟ್ಟು, ತಿಂಗಳಿಗೊಮ್ಮೆ ಸಭೆಯ ದಿನ ಎರಡನ್ನೂ ತೆರೆದು ನೋಡಿ. ಸಹಿ, ಮೊಹರು ಬೇಕಾದ ನಡವಳಿ ಪುಸ್ತಕವನ್ನು ಮಾತ್ರ ನಿಲ್ಲಿಸಬೇಡಿ; ಅದು ಕಾಗದದಲ್ಲಿಯೇ ಮುಂದುವರಿಯಲಿ.